ಭತ್ತ ಬಂದ ಮೇಲೆ ಕೋಳಿಮನೆ

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕೋಳಿಗೆ ಮನೆ ಅಂದರೆ ಒಂದು ಬುಟ್ಟಿ. ಹಗಲೆಲ್ಲ ಹಿತ್ತಲಲ್ಲಿ ಮೇದ ಕೋಳಿಗಳನ್ನು ರಾತ್ರಿ ಅದರಡಿ ಮುಚ್ಚುತ್ತಿದ್ದರು. ಜೋಳ, ಹತ್ತಿ ಬೆಳೆಯುತ್ತಿದ್ದ ಬಳ್ಳಾರಿ ಸೀಮೆಗೆ ಅಷ್ಟೇ ಸಾಕಿತ್ತು.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಅದೇ ವರ್ಷ ಬಳ್ಳಾರಿ ಮೈಸೂರು ರಾಜ್ಯ ಸೇರಿತು. ಬರಬರುತ್ತ ಸಿರುಗುಪ್ಪ, ಕುರುಗೋಡು ಭಾಗದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು, ರೈಸ್ ಮಿಲ್‌ಗಳು ಎದ್ದವು. ಮಿಲ್ಲಿನ ಹೊಟ್ಟು ಕೋಳಿ ಶೆಡ್ಡಿಗೆ ಹಾಸಾಯಿತು.

ಆದರೆ ಬಿಸಿಲು ಹಳೆಯದೇ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ತೇಕಿ ಮೈ ತಣಿಸಿಕೊಳ್ಳುತ್ತದೆ. ಅದಕ್ಕೇ ಶೆಡ್ಡನ್ನು ಪೂರ್ವ-ಪಶ್ಚಿಮವಾಗಿ ಕಟ್ಟಿ, ಉದ್ದನೆಯ ಎರಡೂ ಬದಿಗೆ ಜಾಲರಿ ಹಾಕಿ, ಸೂರನ್ನು ಹೊರಗೆ ಚಾಚುತ್ತಾರೆ. ಹೊಟ್ಟು ಒದ್ದೆಯಾದರೆ ಅಮೋನಿಯ ಎದ್ದು ಕೋಳಿಯ ಕಣ್ಣು, ಉಸಿರು ಕೆಡುತ್ತದೆ. ಆಗಾಗ ಕೆದಕಿ ಒಣಗಿಸಬೇಕು.

2025ರಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದ ಸರ್ಕಾರಿ ಕೋಳಿ ಕೇಂದ್ರಕ್ಕೇ ಹಕ್ಕಿಜ್ವರ ಬಂತು. ಸಾವಿರಾರು ಕೋಳಿಗಳು ಸತ್ತವು. ಬುಟ್ಟಿಯಡಿಯ ನಾಲ್ಕು ಕೋಳಿ ಸತ್ತರೆ ಹಬ್ಬದ ಸಾರು ತಪ್ಪುತ್ತಿತ್ತು. ಸಾಲ ಮಾಡಿ ಕಟ್ಟಿದ ಶೆಡ್ಡು ಖಾಲಿಯಾದರೆ ಮನೆಯೇ ಕುಸಿಯುತ್ತದೆ. ಹೊಟ್ಟು ಹಾಸಲು ಕಲಿತ ನಾವು, ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿಗೆ ಕಾಲಿಟ್ಟು ಒಳಗೆ ಹೋಗುವುದನ್ನೂ ಕಲಿಯಬೇಕಿದೆ.