ಕೊಳಚೆ ಕುಡಿವ ಗಿಡ, ಗಿಡ ಕೊಡುವ ಉರಿ

ಬೆಂಗಳೂರಿನ ಬೆಳ್ಳಂದೂರು ಕೆರೆಯ ದಂಡೆಯಲ್ಲಿ ನಿಂತವರಿಗೆ ಜಲಕಳೆ ಶತ್ರುವಾಗಿಯೇ ಕಂಡಿರುತ್ತದೆ. ನೀರು ಕಾಣದಂತೆ ಹಬ್ಬುವ ಆ ಗಿಡ ಅಲ್ಲಿ ಬೆಳೆಯುವುದು ಊಟ ಸಿಗುವುದರಿಂದ. ಚರಂಡಿ ನೀರಿನ ಸಾರಜನಕ, ರಂಜಕಗಳೇ ಅದರ ಗೊಬ್ಬರ. ಈ ಹಸಿವನ್ನು ಕೆಲಸಕ್ಕೆ ಹಚ್ಚಬಹುದು ಎಂಬ ಯೋಚನೆಗೆ ಎಪ್ಪತ್ತು ವರ್ಷ ದಾಟಿದೆ.

ಮೊದಲು ಹಟ ಹಿಡಿದು ದುಡಿದವರಲ್ಲಿ ಜರ್ಮನಿಯ ಕೇಟೆ ಝೈಡೆಲ್ ಒಬ್ಬರು. 1950ರ ದಶಕದಲ್ಲಿ ಪ್ಲೋನ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅವರು ಜೊಂಡಿನ ಜಾತಿಯ ಗಿಡಗಳನ್ನು ಕೊಳಕು ನೀರಿನಲ್ಲಿ ಬೆಳೆಸಿ, ಫೀನಾಲಿನಂಥ ವಿಷವನ್ನೂ ಅವು ತಗ್ಗಿಸುತ್ತವೆ ಎಂದು ತೋರಿಸಿದರು. ಇಲ್ಲಿ ಗಿಡ ಒಂಟಿಯಾಗಿ ದುಡಿಯುವುದಿಲ್ಲ. ಅದು ಎಲೆ, ಕಾಂಡಗಳ ಮೂಲಕ ಬೇರಿಗೆ ಗಾಳಿ ಇಳಿಸುತ್ತದೆ. ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಇಂದು ಜಗತ್ತಿನಾದ್ಯಂತ ಕಟ್ಟುತ್ತಿರುವ ಕೃತಕ ಜೌಗುಗಳ ಹಿಂದೆ ಝೈಡೆಲ್ ಅವರ ದುಡಿಮೆಯಿದೆ.

ಇಂಧನದ ಮಾತು ಬೇರೆ ದಿಕ್ಕಿನಿಂದ ಬಂತು. ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ ಮತ್ತು ಕ್ಲಾರೆನ್ಸ್ ಗೋಲುಕೆ ಚರಂಡಿ ಕೊಳಗಳಲ್ಲಿ ಪಾಚಿ ಬೆಳೆಸಿ, ಅದನ್ನು ಕೊಳೆಸಿ ಮೀಥೇನ್ ಪಡೆಯುವ ನಕ್ಷೆಯನ್ನು 1960ರಲ್ಲಿಯೇ ಮುಂದಿಟ್ಟಿದ್ದರು. ಆಗ ಪೆಟ್ರೋಲು ಅಗ್ಗ. 1973ರಲ್ಲಿ ತೈಲದ ಬೆಲೆ ಏರಿದಾಗ ಹಲವರು ನೀರಿನ ಗಿಡಗಳತ್ತ ತಿರುಗಿದರು. ಮಿಸಿಸಿಪಿಯ ನಾಸಾ ಕೇಂದ್ರದಲ್ಲಿ ಬಿಲ್ ವೋಲ್ವರ್ಟನ್, ಅಮೆಜಾನ್ ಮೂಲದ ಜಲಕಳೆ ವಾಟರ್ ಹಯಸಿಂತನ್ನು ಕೇಂದ್ರದ ಚರಂಡಿ ಕೊಳಕ್ಕೇ ಬಿಟ್ಟರು. ನೀರು ತಿಳಿಯಾಯಿತು. ಒಣತೂಕದ ಪ್ರತಿ ಕಿಲೋಗೆ 350 ಲೀಟರಿಗೂ ಹೆಚ್ಚು ಗ್ಯಾಸ್ ಬರುತ್ತದೆಂದು ಅವರ ಪ್ರಯೋಗಗಳು ಹೇಳಿದವು. ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆವರಣದಲ್ಲಿಯೂ ಇದೇ ಗಿಡವನ್ನು ಚರಂಡಿಯ ಕೆಸರಿನೊಂದಿಗೆ ಕೊಳೆಸಿ ಗ್ಯಾಸ್ ತೆಗೆದು ನೋಡಿದರು.

‘ಒಣತೂಕ’ ಎಂಬ ಮಾತಿನಲ್ಲೇ ತೊಡಕಿತ್ತು. ಈ ಗಿಡದಲ್ಲಿ ಶೇಕಡ 95ರವರೆಗೂ ನೀರು. ಒಂದು ಕಿಲೋ ಒಣಪದಾರ್ಥಕ್ಕಾಗಿ ಇಪ್ಪತ್ತು ಕಿಲೋ ಹಸಿಗಿಡವನ್ನು ಎಳೆದು ದಡಕ್ಕೆ ಹಾಕಬೇಕು, ಸಾಗಿಸಬೇಕು. 1980ರ ದಶಕದ ನಡುವೆ ತೈಲ ಮತ್ತೆ ಅಗ್ಗವಾದಾಗ ಆ ಕೂಲಿಯ ಲೆಕ್ಕ ಕುದುರಲಿಲ್ಲ.

ನಮ್ಮಲ್ಲಿ ಗಿಡದಿಂದ ಗ್ಯಾಸ್ ತೆಗೆಯುವ ಪ್ರಶ್ನೆಯನ್ನು ಹಳ್ಳಿಯ ಒಲೆಯ ಕಡೆಯಿಂದ ಕೇಳಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ ಈ ಕೇಂದ್ರ ಸೆಗಣಿಯಿಲ್ಲದ ಮನೆಗೂ ಗ್ಯಾಸ್ ಸಿಗಲೆಂದು ಎಲೆ, ಕಳೆ, ಕಸಗಳತ್ತ ನೋಡಿತು. ಗೋಬರ್ ಗ್ಯಾಸಿನ ಗುಂಡಿಗೆ ಹಸಿಗಿಡ ಹಾಕಿದರೆ ಅದು ಸೆಗಣಿಯಂತೆ ಕದಡುವುದಿಲ್ಲ. ಮೇಲೆ ತೇಲಿ ಗಟ್ಟಿ ಪದರವಾಗಿ ಗುಂಡಿಯನ್ನೇ ಕಟ್ಟಿಬಿಡುತ್ತದೆ. ಎಚ್.ಎನ್. ಚಾಣಕ್ಯ ಮತ್ತು ಸಂಗಡಿಗರು ಗಿಡವನ್ನು ನೀರಿನಲ್ಲಿ ಮುಳುಗಿಸುವ ಹಟವನ್ನೇ ಬಿಟ್ಟು ನೋಡಿದರು. ಎಲೆಯ ರಾಶಿ ಇದ್ದಲ್ಲೇ ಇರಲಿ, ಸೂಕ್ಷ್ಮಜೀವಿಗಳಿರುವ ದ್ರವವನ್ನು ಅದರ ಮೇಲೆ ಚಿಮುಕಿಸೋಣ ಎಂಬುದು ಅವರ ದಾರಿ. ವಾಟರ್ ಹಯಸಿಂತ್ ಮತ್ತು ಕಸದ ಮೇಲಿನ ಈ ಪ್ರಯೋಗ 1993ರಲ್ಲಿ ಪ್ರಕಟವಾಯಿತು. ಈ ಕ್ಷೇತ್ರದ ಚರಿತ್ರೆಯಲ್ಲಿ ನನಗೆ ಅತ್ಯಂತ ಆಪ್ತವಾದ ಅಧ್ಯಾಯ ಇದು. ಗಿಡದ ಸ್ವಭಾವಕ್ಕೆ ಯಂತ್ರವನ್ನು ಒಗ್ಗಿಸಿದ ಕೆಲಸ.

ಹೊಸ ಶತಮಾನದಲ್ಲಿ ಗಮನ ಪುಟ್ಟ ಗಿಡಕ್ಕೆ ಹೊರಳಿತು. ಡಕ್‌ವೀಡ್ ಅಕ್ಕಿಕಾಳಿನಷ್ಟೋ ಅದಕ್ಕಿಂತ ತುಸು ದೊಡ್ಡದೋ ಇರುವ ತೇಲುಗಿಡ. ಅನುಕೂಲ ಸಿಕ್ಕರೆ ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೇ ಚೆಂಗ್ ಮತ್ತು ಆ್ಯನ್-ಮರಿ ಸ್ಟಾಂಪ್ ಇದನ್ನು ಹಂದಿ ಸಾಕಣೆಯ ಕೊಳಚೆಯಲ್ಲಿ ಬೆಳೆಸಿ, ಅದರ ಪಿಷ್ಟದಿಂದ ಎಥೆನಾಲ್ ಮಾಡಬಹುದೆಂದು 2009ರಲ್ಲಿ ಬರೆದರು. ಗೊಬ್ಬರದ ನೀರಿನಲ್ಲಿ ಬೆಳೆದ ಗಿಡವನ್ನು ಕೆಲ ದಿನ ಬರೀ ನೀರಿಗೆ ಬಿಟ್ಟು ಉಪವಾಸ ಕೆಡವಿದರೆ ಪಿಷ್ಟ ಏರುತ್ತದೆ. ಆದರೆ ಉಪವಾಸದ ಗಿಡ ಹೊಸ ಕೊಳೆಯನ್ನು ಹೀರುವುದಿಲ್ಲ. ಶುದ್ಧೀಕರಣ, ಇಂಧನ ಎರಡೂ ಒಂದೇ ಕೊಳದಲ್ಲಿ ಒಂದೇ ಹೊತ್ತಿಗೆ ಪೂರ್ತಿ ಕೈಗೂಡವು. 2022ರಲ್ಲಿ ಬ್ರುಕ್‌ಹೇವನ್ ಪ್ರಯೋಗಾಲಯದವರು ವಂಶವಾಹಿ ಬದಲಿಸಿ ಡಕ್‌ವೀಡಿನ ಒಣತೂಕದಲ್ಲಿ ಸುಮಾರು ಶೇಕಡ 10ರಷ್ಟು ಎಣ್ಣೆ ತುಂಬಿಸಿದರು. ಅಂಥ ಗಿಡವನ್ನು ತೆರೆದ ಕೊಳಕ್ಕೆ ಬಿಡುವ ಮುನ್ನ ಹತ್ತು ಸಲ ಯೋಚಿಸಬೇಕು. ವಾಟರ್ ಹಯಸಿಂತ್ ಹಬ್ಬಿದ ಬಗೆ ನಮ್ಮ ಕಣ್ಣೆದುರೇ ಇದೆ.

ಕಾರ್ಖಾನೆಯ ನೀರಿನಲ್ಲಿ ಇನ್ನೊಂದು ಎಚ್ಚರ ಬೇಕು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬೇರಿನಲ್ಲಿ ಕೂಡಿಕೊಳ್ಳುತ್ತವೆ. ಅಂಥ ಗಿಡದಿಂದ ಗ್ಯಾಸ್ ಬಂದರೂ ಉಳಿದ ಬಗ್ಗಡವನ್ನು ಹೊಲಕ್ಕೆ ಹಾಕುವಂತಿಲ್ಲ. ಮನೆಗಳ ನೀರನ್ನೂ ಕಾರ್ಖಾನೆಗಳ ನೀರನ್ನೂ ಒಂದೇ ಕಾಲುವೆಗೆ ಬಿಡುವ ನಗರಗಳಲ್ಲಿ ಈ ವಿದ್ಯೆ ಮೊದಲ ಹೆಜ್ಜೆಗೇ ಸೋಲುತ್ತದೆ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಬಂದ ನೀರು ಜೊಂಡಿನ ಜೌಗನ್ನು ಹಾದು ಕೆರೆಗಿಳಿಯುತ್ತದೆ. ಉಳಿದ ಸಾರಜನಕ, ರಂಜಕವನ್ನು ಅಲ್ಲಿ ಗಿಡ ಹೀರಿಕೊಳ್ಳುತ್ತದೆ. ಹೀರಿದ ಗಿಡವನ್ನು ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಅದು ಅಲ್ಲಿಯೇ ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ಮರಳಿಸುತ್ತದೆ. ಇಂಧನದ ನಿಜವಾದ ಬೆಲೆಯನ್ನು ನಾನು ಇಲ್ಲಿ ಕಾಣುತ್ತೇನೆ. ಗ್ಯಾಸ್ ಮಾರಿ ಯಾರೂ ಶ್ರೀಮಂತರಾಗಲಾರರು. ಆದರೆ ಮೊಣಕಾಲುದ್ದ ಕೆಸರಿನಲ್ಲಿ ಇಳಿದು ಕಳೆ ಎಳೆಯುವವರ ಕೂಲಿಯ ಒಂದು ಪಾಲನ್ನಾದರೂ ಅದು ಹೊರಬಹುದು.