ಉದ್ಯೋಗ ಖಾತರಿ ಹಕ್ಕು: ಜತ್ತ ಮತ್ತು ಸಾಂಗಲಿ ಜಿಲ್ಲೆ

ದುಡಿಯಲು ಮುಂದೆ ಬಂದವರಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬ ಕಾನೂನು ಭಾರತದಲ್ಲಿ ಮೊದಲು ಬಂದದ್ದು ಮಹಾರಾಷ್ಟ್ರದಲ್ಲಿ. ಅದರ ಪ್ರಯೋಗ ನಡೆದದ್ದು ಸಾಂಗಲಿ ಜಿಲ್ಲೆಯಲ್ಲಿ. ಕನ್ನಡ ಮಾತಿನ ಹಳ್ಳಿಗಳಿರುವ, ಮಳೆ ಪದೇ ಪದೇ ಕೈಕೊಡುವ ಅಲ್ಲಿನ ಜತ್ತದಂಥ ತಾಲೂಕುಗಳಿಗೆ ಇದು ಬದುಕಿನ ಪ್ರಶ್ನೆಯಾಗಿತ್ತು.

ಮೊದಲು ಬರಗಾಲದ ಕಾಮಗಾರಿ ಸರ್ಕಾರದ ದಯೆಯಾಗಿತ್ತು. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ದಿನದ ಕೂಲಿಯನ್ನು ಒಂದು ಪೌಂಡ್ ಧಾನ್ಯ ಹಾಗೂ ಪುಡಿಗಾಸಿನ ಲೆಕ್ಕಕ್ಕೆ ಇಳಿಸಿದಾಗ, ಮುಂಬಯಿ ಪ್ರಾಂತದ ಸಾವಿರಾರು ಕೂಲಿಕಾರರು ಕೆಲಸ ಬಿಟ್ಟು ಹೊರನಡೆದರು. ಪುಣೆಯ ‘ಸಾರ್ವಜನಿಕ ಸಭಾ’ ಸಂಘಟನೆ ಅವರ ಪರ ನಿಂತಿತು. ಹಸಿದ ಹೊಟ್ಟೆಯಲ್ಲೇ ಮುಷ್ಕರ ಹೂಡಿದ ಆ ಜನರಿಂದಲೇ ಈ ಹಕ್ಕಿನ ಚರಿತ್ರೆಯನ್ನು ಹೇಳಬೇಕು.

ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ 1969ರಲ್ಲಿ ತಾಸಗಾವ ತಾಲೂಕಿನ ವಿಸಾಪುರದಲ್ಲಿ ತಮ್ಮ ಉದ್ಯೋಗ ಖಾತರಿ ಯೋಜನೆಯನ್ನು ಪರೀಕ್ಷಿಸಿದರು. 1972ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸುವ ಹೊತ್ತಿಗೆ ಭೀಕರ ಬರ ಎರಗಿತು; 1973ರ ಮೇ ತಿಂಗಳಲ್ಲಿ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಖಡಿ ಒಡೆಯುವುದು, ರಸ್ತೆ, ಇಂಗು ಕೆರೆ, ಒಡ್ಡು. ಕೂಲಿ ಅಳತೆಯ ಮೇಲೆ ನಿಂತಿತ್ತು: ಅಗೆದ ಗುಂಡಿಯ ನಡುವೆ ಮಣ್ಣಿನ ಚಿಕ್ಕ ದಿಬ್ಬ ಉಳಿಸಿ, ಅದರ ಎತ್ತರದಿಂದ ಆಳವನ್ನು ಲೆಕ್ಕ ಹಾಕುತ್ತಿದ್ದರು. ಗಟ್ಟಿ ನೆಲಕ್ಕೆ ಗುದ್ದಲಿ ಹಾಕಿದವರ ಬೆವರು ಈ ಲೆಕ್ಕದಲ್ಲಿ ಪೂರ್ತಿ ಕಾಣುತ್ತಿರಲಿಲ್ಲ.

1977ರ ಮಹಾರಾಷ್ಟ್ರ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂತು. ಕೆಲಸ ಕೇಳಿದ 15 ದಿನಗಳೊಳಗೆ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಆ ಭತ್ಯೆಯ ಕನಿಷ್ಠ ಮಿತಿ ದಿನಕ್ಕೆ ಬರೀ 1 ರೂಪಾಯಿ! ಮೊತ್ತ ತೀರಾ ಕಡಿಮೆ, ನಿಜ. ಆದರೂ ಕೂಲಿಕಾರರಿಗೆ ಸರ್ಕಾರವನ್ನು ಬಾಕಿದಾರನನ್ನಾಗಿ ನಿಲ್ಲಿಸುವ ಅಧಿಕಾರ ಸಿಕ್ಕಿತು.

ಈ ಯೋಜನೆಗೆ ಹಣ ಬಂದದ್ದು ಬಹುಪಾಲು ಪಟ್ಟಣದಿಂದ. 1975ರ ವೃತ್ತಿ ತೆರಿಗೆ ಕಾಯ್ದೆಯಡಿ ಅಂಗಡಿ, ಕಂಪನಿ, ಕಚೇರಿಗಳ ಮಾಲೀಕರು ನೋಂದಾಯಿಸಿಕೊಂಡು, ನೌಕರರ ಪಗಾರದಲ್ಲಿ ತೆರಿಗೆ ಮುರಿದು ಖಜಾನೆಗೆ ಕಟ್ಟಬೇಕು. ಮುರಿದುಕೊಳ್ಳದಿದ್ದರೂ ಹೊಣೆ ಮಾಲೀಕರದೇ. ಮುಂಬಯಿಯ ಗುಮಾಸ್ತನ ಸಂಬಳದ ಪಾಲೊಂದು ಬರದ ನಾಡಿನ ಕೂಲಿಯಾಗುವ ಈ ವ್ಯವಸ್ಥೆ ಸ್ವತಂತ್ರ ಭಾರತದ ಅತ್ಯಂತ ನ್ಯಾಯವಾದ ತೆರಿಗೆಗಳಲ್ಲೊಂದು. 1990ರ ನಂತರ ಇದೇ ಯೋಜನೆಯಡಿ ರೈತರ ಹೊಲದಲ್ಲಿ ಹಣ್ಣಿನ ಗಿಡ ಬೆಳೆಸಲೂ ನೆರವು ದೊರೆಯಿತು. ಕೇಂದ್ರದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಮಾದರಿಯಾದದ್ದೂ ಇದೇ. ಕೇಂದ್ರದ ಆ ಕಾಯ್ದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು.

ಬರದ ಹಳ್ಳಿಗಳಿಂದ ಕಬ್ಬು ಕಡಿಯಲು ಗುಳೆ ಹೋಗುವವರು ಮಾತ್ರ ಕಾರ್ಮಿಕ ಕಾನೂನಿನ ಅಂಚಿನಲ್ಲೇ ಉಳಿದರು. ಮುಂಗಡ ಕೊಟ್ಟು ಕರೆದೊಯ್ಯುವವನು ಮುಕಾದಮ. ಗಂಡ ಹೆಂಡತಿ ಸೇರಿ ಒಂದೇ ‘ಕೋಯತಾ’ (ಕುಡುಗೋಲು) ಎಂದು ಎಣಿಕೆ. ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಭವಿಷ್ಯ ನಿಧಿ, ಗ್ರಾಚ್ಯುಟಿ, ಬೋನಸ್ ದಕ್ಕುವುದು ಕಷ್ಟ. ಇವರಿಗಾಗಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ದಿವಂಗತ ರಾಜಕಾರಣಿ ಗೋಪಿನಾಥ ಮುಂಡೆ ಅವರ ಹೆಸರಿನಲ್ಲಿ ಕಲ್ಯಾಣ ನಿಗಮ ಸ್ಥಾಪಿಸಿ, ಅರೆದ ಪ್ರತಿ ಟನ್ ಕಬ್ಬಿಗೆ 10 ರೂಪಾಯಿಯಂತೆ ಕಾರ್ಖಾನೆಗಳು ಅದಕ್ಕೆ ಕೊಡಬೇಕೆಂದು ಗೊತ್ತುಪಡಿಸಿತು.