‘ವೆರಿಲಿ’ ಮತ್ತು ‘ಆಮೆನ್’

‘ವೆರಿಲಿ’ ಎಂಬ ಇಂಗ್ಲಿಷ್ ಕ್ರಿಯಾವಿಶೇಷಣವು ಬಳಕೆಯಿಂದ ಮರೆಯಾಗಿದ್ದರೂ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಕ್ರಿಸ್ತರ ನುಡಿಯ ಮುದ್ರೆಯಾಗಿ ಉಳಿದಿದೆ. ಅದರ ಮೂಲಪದ ‘ವೆರಿ’ ಹಳೆಯ ಫ್ರೆಂಚಿನಿಂದ ಬಂದುದು. ಅದರ ಹಿಂದಿರುವುದು ‘ಸತ್ಯವಾದ’ ಎಂಬರ್ಥದ ಲ್ಯಾಟಿನ್ ‘ವೇರುಸ್’. ಇಂದು ‘ಬಹಳ’ ಎಂದಷ್ಟೇ ಧ್ವನಿಸುವ ‘ವೆರಿ’ಗೆ ಮೊದಲಿದ್ದ ಅರ್ಥ ‘ನಿಜವಾದ’ ಎಂಬುದೇ.

ಆದರೆ ಸಂತ ಯೊವಾನ್ನರ ಗ್ರೀಕ್ ಶುಭಸಂದೇಶದಲ್ಲಿ ಆ ಸ್ಥಾನದಲ್ಲಿರುವುದು ಹೀಬ್ರೂ ಪದ ‘ಆಮೆನ್’; ಅದು 25 ಬಾರಿ ಜೋಡಿಯಾಗಿ ಬರುತ್ತದೆ. ಲ್ಯಾಟಿನ್ ವುಲ್ಗಾತವೂ 1582ರ ಕಥೋಲಿಕ ರೀಮ್ಸ್ ಅನುವಾದವೂ ಅದನ್ನು ಹಾಗೆಯೇ ಉಳಿಸಿಕೊಂಡವು. 1526ರಲ್ಲಿ ವಿಲಿಯಂ ಟಿಂಡೇಲರು ‘ವೆರಿಲಿ’ ಎಂದು ಅನುವಾದಿಸಿದ್ದರು. ಕಿಂಗ್ ಜೇಮ್ಸ್ ಅನುವಾದಕರು ಅವರನ್ನೇ ಅನುಸರಿಸಿದರು.

ಇದು ಬರಿಯ ಪದಗಳ ಆಯ್ಕೆಯಲ್ಲ. ‘ಆಮೆನ್’ ಪದದ ಧಾತು ಸೂಚಿಸುವುದು ದೃಢತೆಯನ್ನು, ವಿಶ್ವಾಸಾರ್ಹತೆಯನ್ನು. ‘ವೆರಿಲಿ’ ಮಾತಿನ ಸತ್ಯಕ್ಕೆ ಸಾಕ್ಷಿ. ‘ಆಮೆನ್’ ಮಾತನಾಡುವವರ ನಿಷ್ಠೆಗೂ ಸಾಕ್ಷಿ. ನಾವು ಪ್ರಾರ್ಥನೆಯ ಕೊನೆಯಲ್ಲಿ ನುಡಿಯುವ ಒಪ್ಪಿಗೆಯನ್ನು ಪ್ರಭು ತಮ್ಮ ಮಾತಿನ ಮೊದಲಲ್ಲೇ ಇರಿಸುತ್ತಾರೆ. ಪ್ರಕಟನಾ ಗ್ರಂಥವಂತೂ (3:14) ಅವರನ್ನೇ ‘ಆಮೆನ್’ ಎಂದು ಹೆಸರಿಸುತ್ತದೆ. ಅಲ್ಲಿ ಕಿಂಗ್ ಜೇಮ್ಸ್ ಅನುವಾದಕರೂ ‘ವೆರಿಲಿ’ಯನ್ನು ಬಿಟ್ಟು ‘ಆಮೆನ್’ ಎಂದೇ ಬರೆದರು. ಹೇಳಿಕೆಯನ್ನು ಅನುವಾದಿಸಬಹುದು, ಹೆಸರನ್ನು ಹೆಸರಾಗಿಯೇ ಕರೆಯಬೇಕು. ಬಲಿಪೂಜೆಯಲ್ಲಿ ನಾವು ನುಡಿಯುವ ಪ್ರತಿಯೊಂದು ‘ಆಮೆನ್’ ಆ ಹೆಸರಿಗೆ ಕೊಡುವ ಉತ್ತರವೇ ಆಗಿದೆ.